‘ಆಪರೇಷನ್’ ಅಂದರೆ ಯಾವುದು?

ಬೆಳಗಿನ ಮೊದಲ ಬಸ್ಸು ಅಂತರಘಟ್ಟೆ ಕಡೆಯ ಹಳ್ಳಿಯೊಂದರಲ್ಲಿ ನಿಲ್ಲುತ್ತದೆ. ಇಳಿದ ರಂಗನಾಯಕಿ ಸೀರೆಯ ನೆರಿಗೆ ಎತ್ತಿ ಹಿಡಿದು, ಆಗತಾನೇ ಸಾರಿಸಿದ ಅಂಗಳಗಳನ್ನು ತುಳಿಯದಂತೆ ಬಿರಬಿರನೆ ನಡೆಯುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಹಿಂದೆ ಹಿಂದೆ. ತಡವಾದರೆ ಊರವರೆಲ್ಲ ಹೊಲ ಸೇರಿರುತ್ತಾರೆ.

ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆ ಕೊಟ್ಟೆವೆಂದು ಆಸ್ಪತ್ರೆಗಳು ಬಿಲ್ ಕಳಿಸುತ್ತವಲ್ಲ, ಆ ಚಿಕಿತ್ಸೆ ನಿಜವಾಗಿ ನಡೆದಿದೆಯೇ ಎಂದು ರೋಗಿಯ ಮನೆಗೇ ಹೋಗಿ ವಿಚಾರಿಸುವುದು ಇವರ ಕೆಲಸ. ಬೀರೂರಿನವರು, ಹಿಂದೆ ನರ್ಸ್ ಆಗಿದ್ದವರು, ಈಗ ಗುತ್ತಿಗೆ ನೌಕರಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕನ್ನು ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಸುತ್ತುತ್ತಾರೆ. “ಒಂದು ಕಣ್ಣಿಗೆ ಮಾಡಿ ಎರಡು ಕಣ್ಣಿಗೆ ಬಿಲ್ ಬರೆದೋರೂ ಸಿಕ್ಕಿದಾರೆ. ಅವ್ರನ್ನ ಬಿಟ್ಟಿಲ್ಲ. ಹಂಗಂತ ಎಲ್ರೂ ಕಳ್ಳರಲ್ಲ ಕಣ್ರೀ,” ಎನ್ನುತ್ತಾರೆ.

ಇಂದಿನ ಮನೆ ಹನುಮಂತಮ್ಮನವರದು. ಇವರ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿದ್ದಾಗಿ ತರೀಕೆರೆ ಕಡೆಯ ಸಣ್ಣ ಆಸ್ಪತ್ರೆಯೊಂದು ಬಿಲ್ ಕಳಿಸಿದೆ. ಬಿಲ್ ಪಾಸು ಮಾಡುವ ಕಚೇರಿಯವರು ಫೋನಿನಲ್ಲಿ “ಆಪರೇಷನ್ ಆಗಿದೆಯಾ?” ಎಂದು ಕೇಳಿದರೆ ಹನುಮಂತಮ್ಮ “ಇಲ್ಲ” ಎಂದುಬಿಟ್ಟಿದ್ದಾರೆ. ಸುಳ್ಳು ಬಿಲ್ ಇರಬೇಕೆಂದು ಹಣ ತಡೆಹಿಡಿದಿದ್ದಾರೆ. ಹಣ ಬಾರದೆ ಆಸ್ಪತ್ರೆಯು ಕಾರ್ಡಿನವರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದೆ. ಪಕ್ಕದ ಮನೆಯ ತಿಮ್ಮಕ್ಕ ಅದೇ ಕಲ್ಲಿನ ನೋವಿಗೆ, ಅದೇ ಆಸ್ಪತ್ರೆ ಮತ್ತೆ ಕಾರ್ಡು ಒಪ್ಪುವುದನ್ನು ಕಾಯುತ್ತಾ, ಜಗಲಿಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದಾರೆ.

“ನಿಮಗೆ ಆಪರೇಷನ್ ಆಗಿಲ್ವೇನಮ್ಮಾ?”

ಹನುಮಂತಮ್ಮ ನನ್ನತ್ತ ಒಮ್ಮೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ರಂಗನಾಯಕಿಯವರ ಕಿವಿಯಲ್ಲಿ ಹೇಳುತ್ತಾರೆ. ನನಗೂ ಕೇಳಿಸುತ್ತದೆ. “ಇಲ್ಲ ಕಣಕ್ಕಾ. ಮೂರ್ನೇದು ಆದ್ಮೇಲೆ ನಮ್ಮ ಯಜಮಾನ್ರೇ ಮಾಡಿಸ್ಕೊಂಬುಟ್ರು.”

ನಾನು ನಗು ತಡೆಯಲು ತೆಂಗಿನ ಮರ ನೋಡುತ್ತೇನೆ. ರಂಗನಾಯಕಿ ನಗುವುದಿಲ್ಲ. ಈ ಮನೆಗಳ ಹೆಂಗಸರಿಗೆ ಆಪರೇಷನ್ ಎಂದರೆ ಒಂದೇ, ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವುದು. ಮಿಕ್ಕದ್ದೆಲ್ಲ ಕೊಯ್ಸಿದ್ದು, ತೆಗ್ಸಿದ್ದು.

“ಹಂಗಾದ್ರೆ ಕಲ್ಲು?”

“ತೆಗ್ಸಾಯ್ತಲ್ಲ! ಅದಕ್ಕೂ ಆಪರೇಷನ್ ಅಂತಾರಾ?” ಎಂದು ಒಳಗೆ ಹೋದವರು ಹಳೆಯ ಕುಂಕುಮದ ಭರಣಿ ತಂದು ಮುಚ್ಚಳ ತೆಗೆಯುತ್ತಾರೆ. ಹತ್ತಿಯ ಮೇಲೆ ಹುಣಸೆ ಬೀಜದಷ್ಟು ಕಲ್ಲು. “ಡಾಕ್ಟ್ರೇ ಕೊಟ್ರು. ಇಷ್ಟೊಂದು ಗೋಳು ಹುಯ್ಕೊಂಡಿದ್ದನ್ನ ಸುಮ್ನೆ ಬಿಸಾಕಕ್ಕಾಯ್ತದಾ?”

ರಂಗನಾಯಕಿ ಒಳಗೆ ಕರೆದೊಯ್ದು ಹೊಲಿಗೆಯ ಗುರುತು ನೋಡುತ್ತಾರೆ, ಕಲ್ಲಿನ ಫೋಟೋ ತೆಗೆಯುತ್ತಾರೆ. ವಾಪಸ್ ಬಸ್ಸಿನಲ್ಲಿ ಹೇಳುತ್ತಾರೆ: “ತಪ್ಪು ಅವರದ್ದೂ ಅಲ್ಲ, ಆಸ್ಪತ್ರೆದೂ ಅಲ್ಲ. ಕೇಳಿದ ಪ್ರಶ್ನೆದು.” ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಆಸ್ಪತ್ರೆಯ ಬಿಲ್ಲಿಗೂ ಸಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಕೆಲವು ವಾರಗಳ ನಂತರ ಬೀರೂರು ಬಸ್ ನಿಲ್ದಾಣದಲ್ಲಿ ರಂಗನಾಯಕಿ ಮತ್ತೆ ಸಿಗುತ್ತಾರೆ. ಆಸ್ಪತ್ರೆಗೆ ಹಣ ಬಂದಿದೆ, ತಿಮ್ಮಕ್ಕನ ಕಲ್ಲೂ ಹೊರಬಿದ್ದಿದೆ. ಆಮೇಲೆ ಕಚೇರಿಯಿಂದ ತಿಮ್ಮಕ್ಕನಿಗೂ ಫೋನ್: ಆಪರೇಷನ್ ಆಗಿದೆಯಾ?

“ಯಾವ್ದು ಸ್ವಾಮಿ? ಮಕ್ಕಳ್ದಾ, ಕಲ್ಲಿಂದಾ? ಎರಡೂ ಆಗೈತೆ!” ಎಂದರಂತೆ ತಿಮ್ಮಕ್ಕ.

“ಪ್ರಶ್ನೆ ಬದಲಾಯ್ಸಿ ಅಂತ ನಾನು ಹೇಳ್ತಾನೇ ಇದ್ದೆ, ಯಾರೂ ಕೇಳ್ಲಿಲ್ಲ. ತಿಮ್ಮಕ್ಕ ಒಂದು ಮಾತಲ್ಲಿ ಮುಗಿಸ್ಬಿಟ್ರು,” ಎಂದು ರಂಗನಾಯಕಿ ಮನಸಾರೆ ನಗುತ್ತಾರೆ. ಬಸ್ಸು ಬರುತ್ತದೆ. ಮೆಟ್ಟಿಲ ಮೇಲೊಂದು ಕಾಲಿಟ್ಟು ತಿರುಗಿ ನೋಡುತ್ತಾರೆ.

“ಈಗ ಕಚೇರಿಯೋರು ‘ಎಲ್ಲಿ ಕೊಯ್ದಿದಾರಮ್ಮಾ?’ ಅಂತ ಕೇಳ್ತಾರೆ. ಆ ಪ್ರಶ್ನೆ ನಾನು ಹೇಳ್ಕೊಟ್ಟಿದ್ದು ಕಣ್ರೀ.”