ಅಕ್ಕನ ಪ್ರಸ್ಥಾನ

ಮೊನ್ನೆ ಸೋಲಾಪುರದ ನಮ್ಮ ಮನೆಗೆ ಬಣ್ಣ ಹಚ್ಚಿಸಿದೆ. ಹಚ್ಚಿದವರು ಹುಸೇನಭಾಯಿ. ನಾನು ಕುರ್ಚಿ ಹಾಕಿಕೊಂಡು ಕೂತು ಅವರಿಗೆ ಅಡ್ಡವಾದವನು, ಅಷ್ಟೆ. ನಿವೃತ್ತ ಮಾಸ್ತರನೊಬ್ಬ ಮನೆಯಲ್ಲಿದ್ದರೆ ಕೆಲಸದವರಿಗೆ ಎಷ್ಟು ಕಾಟವೆಂದು ನಿಮಗೂ ಗೊತ್ತಿರಬೇಕು. ಪಡಸಾಲೆಯ ಗೋಡೆಗೆ ಬಂದಾಗ ಅವರ ಬ್ರಶ್ಶು ನಿಂತಿತು.

“ಮಾಸ್ತರ, ಈ ಪಿಶವಿ ತಗೀಲೇನ್ರಿ? ಹಿಂದಿನ ಗ್ವಾಡಿ ಹಂಗs ಉಳೀತದ.”

ಪಿಶವಿ ಎಂದರೆ ಚೀಲ. ಮೊಳೆಗೆ ತೂಗುಹಾಕಿದ ಹಸಿರು ಚೀಲ. ನೀರು ಒಳಗೆ ಇಳಿಯದಂಥ ದಪ್ಪ ರಬ್ಬರಿನದು. ಮೂರು ವರ್ಷದಿಂದ ಅಲ್ಲೇ ಇದೆ. ಬಂದವರು ಕೇಳಿದರೆ “ಇರ್ಲಿ ಬಿಡ್ರಿ” ಎಂದು ಮಾತು ಮರೆಸುತ್ತಿದ್ದೆ. ಈಗ ಗೋಡೆಯೇ ಕೇಳುವಂತಾಯಿತು. ನಾನೇ ಎದ್ದು ಇಳಿಸಿದೆ. ಧೂಳಿನ ಜೊತೆಗೆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು, ಹಿಂದೆಯೇ ಅಕ್ಕನ ನೆನಪು.

ಅಕ್ಕ ಎಂದರೆ ನನ್ನ ಹಿರಿಯಕ್ಕ, ಸುವರ್ಣಕ್ಕ. ಅಕ್ಕಲಕೋಟೆಯಲ್ಲಿ ನರ್ಸಾಗಿದ್ದವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ “ಪುರಸೊತ್ತ ಆಗ್ಲಿಲ್ಲ” ಎನ್ನುತ್ತಿದ್ದಳು. ಅವಳು ಕೆಲಸ ಮಾಡುತ್ತಿದ್ದ ದವಾಖಾನೆಯ ಗೋಡೆಯ ಮೇಲೆ ಯಾವುದೋ ಹಳೆಯ ಕ್ಯಾಲೆಂಡರು ತೂಗುತ್ತಿತ್ತು. ತಿಂಗಳು ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು. ಹಸಿರು ಸಮುದ್ರ, ಅದರಲ್ಲಿ ನೆಟ್ಟಗೆ ಎದ್ದು ನಿಂತ ಬಿಳಿ ಬಂಡೆಯ ದ್ವೀಪಗಳು, ನಡುವೆ ಒಂದು ಸಣ್ಣ ಹಳದಿ ದೋಣಿಯಲ್ಲಿ ಇಬ್ಬರು. ಎಷ್ಟೋ ವರ್ಷ ಒಂದು ಇಂಜೆಕ್ಷನ್ನಿಗೂ ಇನ್ನೊಂದಕ್ಕೂ ನಡುವೆ ಅಕ್ಕ ಅದನ್ನೇ ನೋಡಿದ್ದಾಳೆ. ರಿಟೈರ್ ಆದ ದಿನ ಎಲ್ಲರೂ ಶಾಲು ಹೊದಿಸಿದರೆ ಇವಳು ಆ ಚಿತ್ರವನ್ನು ಕೇಳಿ ಪಡೆದು ಸುರುಳಿ ಸುತ್ತಿಕೊಂಡು ಬಂದಳು.

“ತಮ್ಮಾ, ನೀ ಭೂಗೋಳದ ಮಾಸ್ತರ ಅಲ್ಲ? ಇದು ಎಲ್ಲಿ ಬರ್ತದ ಹೇಳು.”

ಮೂವತ್ತು ವರ್ಷ ನಾಗಣಸೂರಿನ ಕನ್ನಡ ಶಾಲೆಯಲ್ಲಿ ನಕಾಶೆಗೆ ಕೋಲು ತಗಲಿಸಿ ಸಮುದ್ರ ಕಲಿಸಿದವನು ನಾನು. ಮಕ್ಕಳೂ ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಆದ್ದರಿಂದ ಪಾಠ ಚೆನ್ನಾಗಿ ನಡೆಯುತ್ತಿತ್ತು. ಕನ್ನಡಕ ಏರಿಸಿ, ಇದು ಥಾಯ್ಲೆಂಡಿನ ಕಡೆಯದು, ಇವೆಲ್ಲ ಸುಣ್ಣದ ಕಲ್ಲು, ಮಳೆಯ ನೀರಿಗೆ ಕರಗುತ್ತ ಕರಗುತ್ತ ಹೀಗೆ ಗುಹೆ, ಕಮಾನು ಆಗುತ್ತವೆ ಎಂದು ಹೇಳಿದೆ. ಎಲೆ ಅಡಿಕೆ ಹಾಕುತ್ತಿದ್ದ ಅಕ್ಕ ಬೆರಳ ತುದಿಯ ಸುಣ್ಣ ನೋಡಿಕೊಂಡಳು.

“ಅಯ್ಯ, ಇಷ್ಟೂ ಸುಣ್ಣೇನೋ? ಎಷ್ಟ ಎಲಿ ತರಬೇಕಾದೀತು!” ಎಂದು ನಕ್ಕು, ನಗು ಮುಗಿಯುವ ಮೊದಲೇ ಅಂದಳು: “ಹೋಗೂಣು. ನಾವಿಬ್ರೂ.”

ಚಿತ್ರದಲ್ಲಿದ್ದದ್ದು ಕಯಾಕ್ ಎಂಬ ದೋಣಿ. ಉದ್ದಕ್ಕೆ, ಸಪೂರಕ್ಕೆ ಇರುತ್ತದೆ. ಒಬ್ಬರ ಹಿಂದೆ ಒಬ್ಬರು ಕೂತು, ಎರಡೂ ತುದಿಗೆ ಅಗಲವಿರುವ ಹುಟ್ಟು ಹಾಕಬೇಕು. ವಯಸ್ಸಾದವರನ್ನೇ ಕಟ್ಟಿಕೊಂಡು ಹೋಗುವ ತಂಡವೊಂದು ಪುಣೆಯಲ್ಲಿದೆ ಎಂದು ನಾನೇ ಹುಡುಕಿ ಹೇಳಿದೆ. ಹೇಳಬಾರದಿತ್ತು. ಮಾತಿಗೆ ಮಾತು ಬಂದಾಗ ಜಾಣತನ ತೋರಿಸುವ ಚಟ ಮಾಸ್ತರಿಕೆಯ ಜೊತೆಗೇ ಬಂದದ್ದು. ಅವರು ಕೇಳಿದ್ದು ಒಂದೇ: ದೋಣಿ ಇಬ್ಬರದು, ಜೊತೆಗಾರರನ್ನು ನೀವೇ ತರಬೇಕು.

ಅಕ್ಕನ ತಯಾರಿ ಶುರುವಾಯಿತು. ಪಾಸ್‌ಪೋರ್ಟಿನ ತನಿಖೆಗೆ ಬಂದ ಪೊಲೀಸಪ್ಪ ಕೇಳಿದ, “ಮಗಾ ಹೊರದೇಶದಾಗ ಇದ್ದಾನೇನ್ರಿ ಅಕ್ಕಾರ?” “ಮಗಾನೂ ಇಲ್ಲ, ಮೊಮ್ಮಗಾನೂ ಇಲ್ಲ. ದೋಣ್ಯಾಗ ಕೂಡ್ಲಿಕ್ಕೆ ಹೊಂಟೀನಿ” ಎಂದಳು. ಆತ ಚಹಾ ಕುಡಿಯುವುದನ್ನು ಬಿಟ್ಟು ಅವಳನ್ನೇ ನೋಡಿದನಂತೆ. ಒಂದು ನೋಟ್‌ಬುಕ್ಕಿನಲ್ಲಿ ಒಯ್ಯುವ ಸಾಮಾನೆಲ್ಲ ಬರೆದಳು. ಕಡಕ್ ರೊಟ್ಟಿ ಎಂದು ಬರೆದು, ಸಮುದ್ರದ ಗಾಳಿಗೆ ಮೆತ್ತಗಾಗುತ್ತವೆಂದು ಹೊಡೆದುಹಾಕಿ, ಶೇಂಗಾ ಚಟ್ನಿ ಮಾತ್ರ ಉಳಿಸಿಕೊಂಡಳು. ಭಾನುವಾರ ನಾನು ಅಕ್ಕಲಕೋಟೆಗೆ ಹೋದರೆ ಮಾಳಿಗೆಯ ಮೇಲೆ ಅಭ್ಯಾಸ. ಹೊರಸೆಂಬ ಹಗ್ಗದ ಮಂಚದ ಮೇಲೆ ಅವಳು ಮುಂದೆ, ನಾನು ಹಿಂದೆ, ಇಬ್ಬರ ಕೈಯಲ್ಲೂ ಒಂದೊಂದು ಬಡಿಗೆ.

“ಎಡಕ್ಕ ಹಾಕೋ! ನೀ ಏನ ಹಿಂದ ಕೂತು ನೊಣಾ ಹೊಡ್ಯಾಕತ್ತೀಯೇನು?”

ಪಕ್ಕದ ಮಾಳಿಗೆಯವರು ಒಣಗಲು ಹಾಕಿದ ಹಪ್ಪಳ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ನಾನೂ ನಗುತ್ತಿದ್ದೆ. ಹೊರಸು ಮುಳುಗುವುದಿಲ್ಲವಲ್ಲ.

ನನಗೆ ನೀರೆಂದರೆ ಭಯ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ನಮ್ಮ ಹುಟ್ಟೂರು ಚಪಳಗಾಂವದಲ್ಲಿ ಹೊಲದ ಬಾವಿ ಇತ್ತು; ಸಣ್ಣವಳಿದ್ದಾಗ ಅಕ್ಕ ಅದರ ದಂಡೆಯಿಂದ ಗಂಡುಮಕ್ಕಳ ಸಮಕ್ಕೆ ಜಿಗಿಯುತ್ತಿದ್ದಳು. ನನಗೆ ಈಜು ಕಲಿಸಿದವಳೂ ಅವಳೇ. ನಮ್ಮಲ್ಲಿ ಕಲಿಯುವವರ ನಡುವಿಗೆ ಬೆಂಡು ಕಟ್ಟುತ್ತಾರೆ. ಕತ್ತಾಳೆಯ ಒಣಗಿದ ಕಾಂಡದ ತುಂಡುಗಳು, ಹಗ್ಗದಲ್ಲಿ ಪೋಣಿಸಿದ್ದು, ತೂಕವೇ ಇಲ್ಲದ್ದು. ಕಟ್ಟಿಕೊಂಡವನು ಮುಳುಗಲಾರ. ಸ್ವಲ್ಪ ಕೈಕಾಲು ಆಡಲು ಬಂದ ಮೇಲೆ, ಕಲಿಸುವವರು ಹೇಳದೆ ಕೇಳದೆ ಹಿಂದಿನಿಂದ ಗಂಟು ಬಿಚ್ಚಿಬಿಡುತ್ತಾರೆ. ಗೊತ್ತಿಲ್ಲದೆ ಈಜಿದವನು ಈಜು ಬಂದವನಾಗುತ್ತಾನೆ ಎಂಬುದು ಲೆಕ್ಕ. ಹಾಗೆ ಕಲಿತವರು ಊರ ತುಂಬ ಇದ್ದಾರೆ. ಅಕ್ಕ ನನ್ನ ಗಂಟನ್ನೂ ಬಿಚ್ಚಿದಳು. ನಾನು ಕಲ್ಲಿನ ಹಾಗೆ ಇಳಿದೆ. ಕೂದಲು ಹಿಡಿದು ಎಳೆದು ತಂದಳು. ಹೊಟ್ಟೆಯ ನೀರು ಕಾರಿಸಿದ ಮೇಲೆ ನನಗಿಂತ ಹೆಚ್ಚು ಅತ್ತವಳು ಅವಳು.

ನಾನು ಆಮೇಲೆ ಬಾವಿಗೆ ಇಳಿಯಲಿಲ್ಲ. ನೀರಿಗಿಳಿಯದೆ ಈಜು ಬಾರದು ಎಂಬ ಮಾತನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸಿದೆ, ಅಷ್ಟೆ. ಆದರೆ ಮದುವೆ ಮುಂಜಿಗಳಲ್ಲಿ ನಾಲ್ಕು ಮಂದಿ ಸೇರಿದಾಗ “ನಮ್ಮಕ್ಕ ನನ್ನ ಕೊಲ್ಲಾಕ ನೋಡಿದ್ಳು” ಎಂದು ಈ ಕತೆ ಹೇಳಿ ನಗಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಕ್ಕ ಆಗ ಎದ್ದು ನೀರು ತರಲಿಕ್ಕೋ ಎಲೆ ತರಲಿಕ್ಕೋ ಒಳಗೆ ಹೋಗುತ್ತಿದ್ದಳು. ಅದನ್ನು ನಾನು ಗಮನಿಸಿದ್ದು ಈಗ.

ಹೊರಡುವ ದಿನ ಹತ್ತಿರ ಬಂತು. ಮಠದ ಅಯ್ಯನವರು ಪಂಚಾಂಗ ನೋಡಿ, ಹೊರಡುವ ದಿನ ಚೆನ್ನಾಗಿಲ್ಲ, ಹತ್ತು ದಿನ ಮೊದಲಿನ ಗುರುವಾರ ಚಲೋ ಇದೆ ಎಂದರು. ಅದಕ್ಕೆ ನಮ್ಮ ಹಿರಿಯರು ಉಪಾಯ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಚೀಲವನ್ನು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಅಂದೇ ಪ್ರಯಾಣ ಹೊರಟಂತೆ. ಆಮೇಲೆ ಅದನ್ನು ಬಿಚ್ಚಬಾರದು. ತಿರುಗಿ ಮನೆಗೆ ತಂದರೆ ಪ್ರಯಾಣ ಮುರಿದಂತೆ. ದ್ವೀಪ ಇರುವುದು ಮೂಡಣಕ್ಕೆ, ಪುಣೆಯ ಗಾಡಿ ಹೋಗುವುದು ಪಡುವಣಕ್ಕೆ. ಯಾವ ದಿಕ್ಕು ಹಿಡಿಯಬೇಕೆಂದು ನಾನು ತಕರಾರು ತೆಗೆದೆ. “ಮೊದಲನೇ ಹೆಜ್ಜಿ ಎತ್ತ ಇಡ್ತೀವೋ ಅದs ದಿಕ್ಕ” ಎಂದು ಅಕ್ಕ ತೀರ್ಮಾನ ಕೊಟ್ಟಳು. ಗುರುವಾರ ಬಸ್ಸಿನಲ್ಲಿ ಬಂದು ಈ ಹಸಿರು ಚೀಲವನ್ನು ನನ್ನ ಮನೆಯ ಮೊಳೆಗೆ ತೂಗಿಹಾಕಿದಳು. ನನ್ನ ಚೀಲವನ್ನು ಎದುರು ಮನೆಯ ಶಾಂತಾಕಾಕುವಿನ ಹತ್ತಿರ ಇಡಿಸಿ, ಚಹಾ ಕುಡಿದು ಹೋದಳು.

ಮೂರನೆಯ ದಿನ ನಾನು ಶಾಂತಾಕಾಕುವಿನ ಮನೆಗೆ ಹೋಗಿ, ಟವೆಲ್ಲು ಬೇಕಾಗಿದೆ ಎಂದು ಹೇಳಿ ನನ್ನ ಚೀಲವನ್ನು ತಂದುಬಿಟ್ಟೆ. ಮನೆಯಲ್ಲಿ ಬೇರೆ ಟವೆಲ್ಲು ಇರಲಿಲ್ಲವೇ? ನಾಲ್ಕು ಇದ್ದವು. ರಸ್ತೆ ದಾಟಿ ಚೀಲ ತರುವಾಗ ನನ್ನ ಎದೆ ಎಷ್ಟು ಹಗುರವಾಯಿತೆಂದರೆ ಅದನ್ನು ನೆನೆದು ಇಂದಿಗೂ ನಾಚಿಕೆಯಾಗುತ್ತದೆ. ಮಧ್ಯಾಹ್ನ ಪುಣೆಗೆ ಫೋನು ಮಾಡಿ, ನಾವಿಬ್ಬರೂ ಬರುವುದಿಲ್ಲ ಎಂದೆ. ಅವಳ ಪರವಾಗಿಯೂ ನಾನೇ ಹೇಳಿದೆ. ಆಮೇಲೆ ಅಕ್ಕನಿಗೆ ಫೋನು ಮಾಡಿ, ಸಮುದ್ರ ಸರಿಯಿಲ್ಲವಂತೆ, ಈ ವರ್ಷ ರದ್ದು ಮಾಡಿದ್ದಾರಂತೆ ಎಂದು ಸುಳ್ಳು ಹೇಳಿದೆ.

“ಆಗ್ಲಿ ತಮ್ಮಾ. ಬರೂ ವರ್ಷ ಹೋದ್ರಾತು. ನನ್ನ ಚೀಲಾ ಅಲ್ಲೇ ಇರ್ಲಿ, ಪ್ರಸ್ಥಾನ ಕೆಡಸಬ್ಯಾಡ.”

ಬರುವ ವರ್ಷ ಅವಳಿಗೆ ಬರಲಿಲ್ಲ. ಆಷಾಢದಲ್ಲಿ ಒಂದು ಬೆಳಿಗ್ಗೆ ಓಣಿಯ ಮುದುಕಿಯ ಬಿ.ಪಿ. ನೋಡಿ ಬಂದು ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ. ಊರವರ ಬಿ.ಪಿ.ಯೆಲ್ಲ ನೋಡಿದವಳು ತನ್ನದನ್ನು ನೋಡಿಕೊಂಡಿರಲಿಲ್ಲ. ಮಣ್ಣು ಮಾಡಿ ಬಂದ ದಿನ ನನಗೆ ಮೊದಲು ಕಂಡದ್ದು ಈ ಚೀಲ. ಸುಳ್ಳು ಹೇಳಿದೆನೆಂದು ಒಪ್ಪಿಕೊಳ್ಳಲು ಇನ್ನು ಎದುರಿಗೆ ಯಾರೂ ಇಲ್ಲ ಎಂಬುದು ಆಗ ತಿಳಿಯಿತು. ಬಿಚ್ಚಲು ಧೈರ್ಯವಾಗಲಿಲ್ಲ. ಇಳಿಸಲೂ ಆಗಲಿಲ್ಲ.

ಮೊನ್ನೆ ಇಳಿಸಿದವನು ನೆಲದ ಮೇಲೆ ಕೂತು ಬಿಚ್ಚಿದೆ. ಒಂದು ಸೀರೆ, ಅವಳಿಗೆ ಎಂದೂ ರೂಢಿಯಿಲ್ಲದ ಒಂದು ಪಂಜಾಬಿ ಡ್ರೆಸ್ಸು, ಜಂಗು ಹಿಡಿದ ಎಲೆಡಬ್ಬಿ, ಒಣಗಿ ಕಲ್ಲಾದ ಸುಣ್ಣ. ಶೇಂಗಾ ಚಟ್ನಿಯ ಪೊಟ್ಟಣ ಕಪ್ಪಾಗಿತ್ತು. ಎಲ್ಲದರ ಅಡಿಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದು ಏನೋ ಇತ್ತು, ಎತ್ತಿದರೆ ತೂಕವೇ ಇಲ್ಲ.

ಬೆಂಡು. ಕತ್ತಾಳೆಯ ಕಾಂಡ ಹೊಸದು, ಹಗ್ಗವೂ ಹೊಸದು. ಈಗಿನ ನನ್ನ ಹೊಟ್ಟೆಯ ಅಂದಾಜಿಗೆ ದೊಡ್ಡದಾಗಿ ಮಾಡಿದ್ದಳು. ಗಂಟು ಎಲ್ಲಿದೆ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಗಂಟೇ ಇರಲಿಲ್ಲ. ಹಗ್ಗದ ಎರಡೂ ತುದಿಗಳನ್ನು ಕೂಡಿಸಿ, ದವಾಖಾನೆಯಲ್ಲಿ ಗಾಯಕ್ಕೆ ಹಾಕುವ ಹಾಗೆ ಒತ್ತೊತ್ತಾಗಿ ಹೊಲಿದಿದ್ದಳು, ಯಾರಿಗೂ ಬಿಚ್ಚಲು ಬಾರದಂತೆ.

ಹುಸೇನಭಾಯಿ ನಿಚ್ಚಣಿಕೆ ಇಳಿದು ಬಂದರು. “ಯಾಕ್ರಿ ಮಾಸ್ತರ, ಕಣ್ಣಾಗ ಸುಣ್ಣಾ ಬಿತ್ತೇನು?”

ಹೌದು ಎಂದೆ. ಬೆಂಡನ್ನು ತಲೆಯ ಮೇಲಿಂದ ಹಾಕಿಕೊಂಡೆ. ಭುಜ ದಾಟಿ ಇಳಿದು ನಡುವಿಗೆ ನಿಂತಿತು, ಬಿಗಿಯೂ ಅಲ್ಲ, ಸಡಿಲೂ ಅಲ್ಲ. ಅವರು ಬ್ರಶ್ಶು ಅದ್ದಿಕೊಂಡು ಗೋಡೆಗೆ ಮರಳಿದರು.

ಸಂಜೆ ಅಕ್ಕನ ಸೀರೆಯ ಪಕ್ಕಕ್ಕೆ ನನ್ನದೊಂದು ಅಂಗಿ, ಒಂದು ಟವೆಲ್ಲು, ಮೇಲೆ ಬೆಂಡು ಇಟ್ಟು ಚೀಲ ಕಟ್ಟಿದೆ. ದಿನ ಚೆನ್ನಾಗಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಪುಣೆಯವರು ಜೊತೆಗಾರರು ಯಾರೆಂದು ಕೇಳಿದರೆ, ನನ್ನ ದೋಣಿಯ ಮುಂದಿನ ಜಾಗದಲ್ಲಿ ಯಾರು ಕೂಡುತ್ತಾರೆ, ಗೊತ್ತಿಲ್ಲ. ರಸ್ತೆ ದಾಟಿ ಎದುರು ಮನೆಯ ಬಾಗಿಲು ಬಡಿದೆ. ಶಾಂತಾಕಾಕು ಚೀಲ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

“ಪ್ರಸ್ಥಾನೇನ್ರಿ ಮಾಸ್ತರ? ಹಿಂದಿನ ಸಲದಾಂಗ ಮೂರ ದಿನಕ್ಕ ಬಂದು ತಿರಗಿ ಒಯ್ಯಾವ್ರಲ್ಲಲ್ಲ?”

“ಇಲ್ರಿ ಕಾಕು,” ಎಂದೆ. “ಅಕ್ಕನ ಕೂಡ ಹೊಂಟಿದ್ದೆ. ನಂದ ತಡಾ ಆತು.”