ಕಾಯುವ ಬೆರಳು

ಮೈದುನನಿಗೆ ಅತ್ತಿಗೆ ಮನಸ್ಸಿನಲ್ಲೇ ಇಟ್ಟ ಹೆಸರು ಕನ್ನಡಿರಾಯ. ಮಾತಾಡುವಾಗ ಎದುರಿನವರ ಕನ್ನಡಕದಲ್ಲಿ ತನ್ನ ಕ್ರಾಪು ಹುಡುಕುವವನು ಅವನು. ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದ ಆಕೆಗೆ ಬಟ್ಟೆಯನ್ನು ಒಳಮಗ್ಗುಲು ಮಗುಚಿ ನೋಡುವ ಅಭ್ಯಾಸ. ಮನುಷ್ಯರನ್ನೂ ಹಾಗೇ ನೋಡುತ್ತಿದ್ದಳು. ಮೈದುನನ ವಿಷಯದಲ್ಲಿ ತೀರ್ಮಾನ ಎಂದೋ ಆಗಿತ್ತು: ಹೊರಗೆ ಜರಿ, ಒಳಗೆ ಗೋಣಿ.

ಹಾಡುಗಾರನೆಂದು ಅವನ ಹೆಸರು ಉಳಿದದ್ದು ಒಂದೇ ಹಾಡಿನಿಂದ. ರಜೆ ಶುರುವಾಯಿತೆಂದರೆ ರೇಡಿಯೋದವರು ತಪ್ಪದೆ ಹಾಕುವ, ಜಾಝ್ ಧಾಟಿಯ ಹಾಡು. ಕಟ್ಟಿದವನು ಆಕೆಯ ಗಂಡ. ಅವನು ತೀರಿಕೊಂಡು ಹನ್ನೊಂದು ವರ್ಷ. ಹಾಡಿದವನು ಮೈದುನ. ಪಿಯಾನೋ ನುಡಿಸಿದವಳು ಆಕೆ, ಯಾರಿಂದಲೂ ಕಲಿಯದೆ, ಬರೀ ಕೇಳಿ ಕೇಳಿ. ಮುಚ್ಚಿಹೋದ ನೃತ್ಯಶಾಲೆಯಿಂದ ಗಂಡ ಹೊರಿಸಿಕೊಂಡು ಬಂದ ಹಳೇ ಪಿಯಾನೋ ಅದು. ಅದರ ನಡುವಿನ ಒಂದು ಕೀ ಒತ್ತಿದರೆ ಬೇಗ ಮೇಲೇಳುತ್ತಿರಲಿಲ್ಲ. ಅದು ಏಳಲೆಂದು ಆಕೆ ಪ್ರತಿ ಸಾಲಿನಲ್ಲೂ ರೆಪ್ಪೆ ಬಡಿಯುವಷ್ಟು ಹೊತ್ತು ಕಾಯುತ್ತಿದ್ದಳು. ಕೇಳುವವರ ಕಾಲು ತಾನಾಗಿ ಕುಣಿಯುತ್ತಿದ್ದದ್ದು ಅಲ್ಲೇ.

ಈಗ ಕನ್ನಡಿರಾಯ ದೊಡ್ಡ ಸ್ಟುಡಿಯೋಗೆ ಪಳಗಿದ ವಾದ್ಯಗಾರರನ್ನು ಕರೆಸಿ, ಅದನ್ನೇ ಹೊಸದಾಗಿ ರೆಕಾರ್ಡ್ ಮಾಡಿಸಲು ಹೊರಟಿದ್ದ.

"ಹಳೇದನ್ನ ರೇಡಿಯೋದಿಂದ ತೆಗೆಸ್ತೀನಿ ಅತ್ತಿಗೆ. ಇನ್ಮೇಲೆ ಇದೇ. ನೀವು ಬಂದು ಸುಮ್ನೆ ಕೂತು ಕೇಳಿ."

"ಸುಮ್ನೆ ಕೂರೋಕೆ ಮನೇಲೂ ಕುರ್ಚಿ ಇದೆಯಲ್ಲಪ್ಪ."

ಆದರೂ ಹೋದಳು. ಗಂಡನ ಜೊತೆ ಸೇರಿ ಮಾಡಿದ್ದರಲ್ಲಿ ಉಳಿದಿದ್ದದ್ದು ಅದೊಂದೇ. ಅಳಿಸಿಹೋಗುವುದಾದರೆ ಕಣ್ಣೆದುರೇ ಹೋಗಲಿ ಎಂದುಕೊಂಡಳು.

ವಾದ್ಯಗಾರರು ಬಂದವರೇ ಸದ್ದಿಲ್ಲದೆ ತಂತಿ ಬಿಗಿದು, ಶ್ರುತಿ ನೋಡಿಕೊಂಡು ಕೂತರು. ಬಡಾಯಿಯೆಲ್ಲ ಮೈದುನನದೇ. ಕೊರಳಿಗೆ ರೇಷ್ಮೆ ಸುತ್ತಿಕೊಂಡು ಸ್ವರ ಬರೆದ ಹಾಳೆ ಹಂಚಿದ.

"ಹಳೇದರಲ್ಲಿ ಪಿಯಾನೋ ಸಾಲಿಗೊಂದು ಕಡೆ ಎಡವಿತ್ತು. ಎಲ್ಲಾ ತಿದ್ದಿಸಿ ಬರೆಸಿದೀನಿ."

ಹಾಳೆಯಲ್ಲಿದ್ದಂತೆ ನುಡಿಸಿದರು. ಒಂದು ಸುಕ್ಕಿಲ್ಲ. ಇಸ್ತ್ರಿ ಮಾಡಿ ಮೊಳೆಗೆ ನೇತುಹಾಕಿದ ಅಂಗಿ, ಒಳಗೆ ಮೈಯಿಲ್ಲ. ಐದು ಸಲ ನುಡಿಸಿದರೂ ಅಷ್ಟೇ. ಮೈದುನ ಒಮ್ಮೆ ವೇಗ ಸಾಲದೆಂದ, ಒಮ್ಮೆ ಮೈಕು ಸರಿಯಿಲ್ಲವೆಂದ.

"ಸಾಹೇಬ್ರೇ, ಇದು ರಜೆ ಹಾಡೋ, ಶಾಲೇಲಿ ಹಾಜರಿ ಕರೆಯೋದೋ?" ಎಂದ ಡ್ರಮ್ಮಿನವನು.

ನರೆಗೂದಲಿನ ಪಿಯಾನೋದವರು ಹಳೇ ರೆಕಾರ್ಡ್ ಹಾಕಿಸಿ, ಕಣ್ಣು ಮುಚ್ಚಿ ಮೂರು ಸಲ ಕೇಳಿದರು. ದೇವರು ಕಿವಿಯನ್ನು ಎಲ್ಲರಿಗೂ ಕೊಟ್ಟಿದ್ದಾನೆ, ಕೇಳುವುದನ್ನು ಅವರವರಿಗೇ ಬಿಟ್ಟಿದ್ದಾನೆ.

"ಇದು ಎಡವಿದ್ದಲ್ಲ. ಯಾವುದಕ್ಕೋ ಕಾಯ್ತಿದಾರೆ. ಯಾರು ನುಡಿಸಿದ್ದು?"

"ಯಾರೋ ಮನೆಯವರು ಬಿಡಿ. ಕಲಿತವರಲ್ಲ" ಎಂದ ಮೈದುನ, ಮಾರುದೂರದಲ್ಲಿ ಕೂತವಳ ಕಡೆ ತಿರುಗದೆ.

ಬಾಯಿ ಬಿಡಬಾರದೆಂದೇ ಬಂದಿದ್ದ ಅತ್ತಿಗೆ ಎದ್ದಳು. "ಆ ಯಾರೋ ಇಲ್ಲೇ ಇದಾಳೆ. ನಮ್ಮ ಪಿಯಾನೋದ ಕೀ ಒಂದು ಸೋಮಾರಿ, ಸ್ವಾಮಿ. ಅದು ಏಳೋವರೆಗೂ ಕಾಯ್ತಿದ್ದೆ."

ಪಿಯಾನೋದವರು ನಕ್ಕು ಬೆಂಚಿನ ಅರ್ಧ ಬಿಟ್ಟುಕೊಟ್ಟರು. "ಬನ್ನಿ ತಾಯಿ. ಅರವತ್ತಾದರೂ ನನಗೆ ಕಾಯೋದು ಬರಲಿಲ್ಲ. ನೀವೇ ನುಡಿಸಿ, ನಾನು ಎಡಗೈ ನೋಡ್ಕೋತೀನಿ."

"ಹಾಳೇಲಿ ಹಾಗಿಲ್ಲ!" ಎಂದ ಮೈದುನ.

ಡ್ರಮ್ಮಿನವನು ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಲ್ಲಾಡುತ್ತಿದ್ದ ಸ್ಟೂಲಿನ ಕಾಲಡಿ ಇಟ್ಟ.

ಈ ಪಿಯಾನೋದ ಕೀಗಳು ಒತ್ತಿದರೆ ಪಟ್ಟನೆ ಏಳುತ್ತಿದ್ದವು. ಕಾಯಬೇಕಾದದ್ದು ಏನೂ ಇರಲಿಲ್ಲ. ಆದರೂ ಆ ಜಾಗ ಬಂದಾಗ ಆಕೆಯ ಬೆರಳು ತಾನಾಗಿ ಕಾಯಿತು. ಹಿಂದೆಯೇ ಬೇಸ್ ಬಂತು, ಸ್ಯಾಕ್ಸೊಫೋನ್ ಕೂಡಿತು. ರೆಕಾರ್ಡಿಂಗ್ ಯಂತ್ರದ ಮುಂದೆ ಕೂತವನ ಕಾಲೂ ಕುಣಿಯತೊಡಗಿತು. ಮೈದುನ ಬಾಯಿ ಮುಚ್ಚಿಕೊಂಡು ಹಾಡಬೇಕಾಯಿತು, ಎಂದರೆ ಹಾಡನ್ನಷ್ಟೇ ಹಾಡಬೇಕಾಯಿತು.

ಒಂದೇ ಸಲಕ್ಕೆ ಮುಗಿಯಿತು. ಮತ್ತೊಮ್ಮೆ ಬೇಡವೆಂದು ಪಿಯಾನೋದವರು ಮುಚ್ಚಳ ಇಳಿಸಿಬಿಟ್ಟರು.

ಮೈದುನ ಸ್ಟುಡಿಯೋದ ಗಾಜಿನ ಮುಂದೆ ನಿಂತು, ಅದರಲ್ಲಿ ಮೂಡಿದ ತನ್ನ ಬಿಂಬ ನೋಡುತ್ತ ರೇಷ್ಮೆ ಸರಿಪಡಿಸಿಕೊಂಡ. "ನಾನು ಮೊದಲಿಂದ ಹೇಳ್ತಾನೇ ಇದ್ದೆ, ಆ ಕಾಯೋದೇ ಈ ಹಾಡಿನ ಜೀವ ಅಂತ."

"ಹೌದಪ್ಪ, ಸರಿಯಾಗಿ ಹೇಳ್ದೆ" ಎಂದಳು ಅತ್ತಿಗೆ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ಗಾಜಲ್ಲಿರೋನು ತಲೆಯಾಡಿಸ್ತಿದಾನೆ, ನೋಡು."