ಹಳದಿ ಕೆಟ್ಟ ವಾರ

ಬಣ್ಣದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುತ್ತಿದ್ದರು. ಪೂರ್ತಿ ಸುಳ್ಳಲ್ಲ. ಆದರೆ ಇಪ್ಪತ್ತೆರಡು ವರ್ಷ ಸಿಪ್ಪೆ, ಬೇರು, ತೊಗಟೆ ಕುದಿಸಿ ನೂಲಿಗೆ ಬಣ್ಣ ಹಾಕಿದವಳ ಜಾಗದಲ್ಲಿ ನಿಂತು ನೋಡಬೇಕು. ಗುರುತಿನವರೆಲ್ಲ ತಮ್ಮ ಅಡುಗೆಮನೆಯ ಕಸವನ್ನು ಚೀಲಕ್ಕೆ ತುಂಬಿ ಇವಳ ಬಾಗಿಲಿಗೆ ತಂದಿಡುತ್ತಿದ್ದರು. "ಬೀಟ್‌ರೂಟ್ ಸಿಪ್ಪೆ ತಂದಿದೀನಿ, ಎಂಥಾ ಬಣ್ಣ ನೋಡಿ!" "ಒಂದು ಸಲ ಒಗೆದರೆ ಹೋಗುತ್ತೆ ರೀ" ಎಂದು ಹೇಳಿ ಹೇಳಿ ಅವಳ ನಾಲಗೆ ಸವೆದಿತ್ತು. ಮರುದಿನ ಇನ್ನೊಂದು ಚೀಲ ಬರುತ್ತಿತ್ತು.

ಈ ಕೆಲಸ ಅವಳಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಮೇಣಕ್ಕೂ ನೂಲಿಗೆ ಬಣ್ಣ ಹಿಡಿಸುವ ಪಟಿಕಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಅತ್ತೆ ಬೈದು ಕಲಿಸಿದರು. ಇವಳು ತಿರುಗಿ ಬೈಯುತ್ತಾ ಕಲಿತಳು. ಈಗ ಅತ್ತೆಯ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಆದರೂ ಹಿತ್ತಲಿನ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ಪಾತ್ರೆಯಿಂದ ಏಳುವ ಆವಿಯನ್ನು ಮೂಸಿಯೇ "ಇನ್ನೂ ಹತ್ತು ನಿಮಿಷ" ಎನ್ನುತ್ತಾರೆ. ಎಂದೂ ತಪ್ಪಿದ್ದಿಲ್ಲ. ಅದೂ ಸೊಸೆಗೆ ಒಂದು ಸಿಟ್ಟೇ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅವಳ ತಮ್ಮ. ಎರಡು ಬೀದಿ ಆಚೆ ಪಂಪ್ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ. ಕೈಯಲ್ಲಿ ಸ್ಪ್ಯಾನರ್ ಇಲ್ಲದಿದ್ದರೆ ಅವನಿಗೆ ಕೈಯೇ ಇಲ್ಲದಂತೆ. ಯಾರ ಮನೆಗೆ ಹೋದರೂ ಅಲುಗಾಡುವ ಕುರ್ಚಿ, ತೊಟ್ಟಿಕ್ಕುವ ನಲ್ಲಿ ಹುಡುಕಿ ಸರಿಮಾಡಿಯೇ ಎದ್ದುಬರುವವನು. ಜನ ಅವನನ್ನು 'ರಿಪೇರಿ' ಎಂದೇ ಕರೆಯುತ್ತಿದ್ದರು.

ಆ ವಾರ ಅವಳ ಕೈಯಲ್ಲಿ ನೇಕಾರನ ಕೆಲಸವಿತ್ತು. ಮೂವತ್ತು ಲಡಿ ಹತ್ತಿ ನೂಲು, ಎಲ್ಲವೂ ಒಂದೇ ಹಳದಿ. ದಾಳಿಂಬೆ ಸಿಪ್ಪೆಯ ಹಳದಿ ಅವಳಿಗೆ ಎಡಗೈ ಕೆಲಸ. ನೂಲನ್ನು ಪಟಿಕದ ನೀರಿನಲ್ಲಿ ನೆನೆಸಿದಳು, ಸಿಪ್ಪೆಯ ಕಷಾಯ ಸೋಸಿದಳು, ಮೊದಲ ಐದು ಲಡಿ ಅದ್ದಿದಳು. ಎತ್ತಿ ನೋಡಿದರೆ ಹಳದಿಯಲ್ಲ. ಹಳೇ ಕೆರೆಯ ಪಾಚಿಯಂಥ ಮಂಕು ಬಣ್ಣ.

"ಏನಾಯ್ತೇ?" ಎಂದರು ಅತ್ತೆ.

"ಏನೂ ಇಲ್ಲ. ನಿಮ್ಮ ಸೊಸೆಗೆ ವಯಸ್ಸಾಯ್ತು, ಅಷ್ಟೇ."

ಪಟಿಕ ಕಲಬೆರಕೆ ಇರಬೇಕೆಂದು ಅಂಗಡಿಯವನ ಮೇಲೆ ಹರಿಹಾಯ್ದು ಬೇರೆ ಪಟಿಕ ತಂದಳು. ಮತ್ತೈದು ಲಡಿ. ಅದೇ ಪಾಚಿ. ಸಿಪ್ಪೆ ಹಳೆಯದೆಂದು ಅದನ್ನೆಲ್ಲ ಸುರಿದು, ಹಣ್ಣಿನ ರಸದಂಗಡಿಯಿಂದ ಹೊಸ ಸಿಪ್ಪೆ ಹೊತ್ತು ತಂದು ಒಣಗಿಸಿದಳು. ಎರಡು ಲಡಿ ಅದ್ದಿದಳು. ಆಗಲೂ ಅದೇ.

"ನೀರು ನೋಡು" ಎಂದರು ಅತ್ತೆ. "ನೀರಲ್ಲಿ ಕಬ್ಬಿಣ ಸೇರಿದ್ರೆ ಈ ಸಿಪ್ಪೆ ಕಪ್ಪಿಗೆ ತಿರುಗುತ್ತೆ. ನಾನು ಹೇಳಿರಲಿಲ್ವಾ?"

"ಹೇಳಿದ್ರಿ ಅತ್ತೆ. ದಿನಾ ಹೇಳ್ತೀರಿ."

ಎರಡು ದಿನ ಕುಡಿಯುವ ನೀರಿನ ಕ್ಯಾನು ಹೊತ್ತು ತಂದು ಇನ್ನೆರಡು ಲಡಿ ಬೇಯಿಸಿದಳು. ಸೊಂಟ ಮುರಿದುಬಂತು, ಹಳದಿ ಮಾತ್ರ ಬರಲಿಲ್ಲ. ಅಷ್ಟರಲ್ಲಿ ನೇಕಾರ ಬಂದ. ಮಗ್ಗ ಖಾಲಿ ಬಿದ್ದಿದ್ದ ಸಂಕಟ ಅವನ ಮುಖದಲ್ಲೇ ಕಾಣುತ್ತಿತ್ತು. ಲಡಿಗಳನ್ನು ಬೆಳಕಿಗೆ ಹಿಡಿದು, "ಅಕ್ಕಾ, ಇದು ಹಳದೀನಾ?" ಎಂದ.

"ನನಗೂ ಕಣ್ಣಿದೆ ಅಣ್ಣಾ. ಸೋಮವಾರ ಬನ್ನಿ."

"ಕಳೆದ ವಾರವೂ ಸೋಮವಾರ ಅಂದಿದ್ರಿ."

"ಸೋಮವಾರ ವಾರಕ್ಕೊಂದು ಸಲ ಬರುತ್ತಲ್ಲ, ಅದಕ್ಕೆ!" ಎಂದುಬಿಟ್ಟಳು. ಅವನು ಹೋದ ಮೇಲೆ ಹಾಗೆ ಅಂದದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಐದನೇ ಸಲ ಪಾತ್ರೆ ಒಲೆಗೇರಿಸಿ, ಒಂದೇ ಒಂದು ಲಡಿ ಹಾಕಿ ಕಲಕುತ್ತಿದ್ದಾಗ ಅದು ಕೋಲಿನ ತುದಿಗೆ ಸಿಕ್ಕಿಹಾಕಿಕೊಂಡಿತು. ಎಳೆದರೆ ಬರಲಿಲ್ಲ. ಕೋಲನ್ನೇ ಮೇಲೆತ್ತಿದಳು. ಅದು ಅವಳ ಹಳೇ ಕಲಕುವ ಕೋಲು. ತುದಿ ಸೀಳಿದ್ದಕ್ಕೆ ಯಾವಾಗಲೋ ದಾರ ಸುತ್ತಿದ್ದಳು. ಈಗ ಅಲ್ಲಿ ಹೊಸ ದಾರವಿತ್ತು, ಅಚ್ಚುಕಟ್ಟಾಗಿ, ಮೋಟಾರಿಗೆ ತಂತಿ ಸುತ್ತಿದ ಹಾಗೆ. ಒಂದು ಕಡೆ ದಾರ ಸರಿದಿತ್ತು. ಅದರಡಿಯಲ್ಲಿ ಮೂರು ಕಬ್ಬಿಣದ ಮೊಳೆ. ಸುತ್ತಲಿನ ಮರ ಇದ್ದಿಲಿನಂತೆ ಕಪ್ಪಾಗಿತ್ತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಅವಳು ಆ ಕೋಲನ್ನು ಹಿಡಿದೇ, ತೊಟ್ಟಿಕ್ಕುತ್ತಿದ್ದರೂ ಲೆಕ್ಕಿಸದೆ, ತಮ್ಮನ ಅಂಗಡಿಗೆ ನಡೆದಳು. ದಾರಿಯಲ್ಲಿ ಎದುರಾದವರು ಪಕ್ಕಕ್ಕೆ ಸರಿದರು.

"ಏನೋ ಇದು?"

ತಮ್ಮ ಮುಖವರಳಿಸಿದ. "ಓ, ಗೊತ್ತಾಯ್ತಾ? ಹೋದ ಭಾನುವಾರ ಬಂದಿದ್ದಾಗ ಮಾಡಿದ್ದು. ಸೀಳು ಬಿಟ್ಟಿತ್ತಲ್ಲ. ಈಗ ಹತ್ತು ವರ್ಷ ಏನೂ ಆಗಲ್ಲ ಅಕ್ಕಾ."

"ಹದಿನೈದು ಲಡಿ ಹಾಳಾಯ್ತು ಕಣೋ! ಪಟಿಕದವನನ್ನ ಬೈದೆ, ನೇಕಾರನನ್ನ ಬೈದೆ, ನೀರು ಹೊತ್ತೆ, ನನ್ನ ಕೈಯೇ ಕೆಟ್ಟಿತು ಅಂದ್ಕೊಂಡೆ. ಎಲ್ಲಾ ನಿನ್ನ ಮೂರು ಮೊಳೆಯಿಂದ!"

"ಒಳ್ಳೇ ಮೊಳೆ ಅಕ್ಕಾ ಅದು" ಎಂದ ಅವನು ಮೆಲ್ಲಗೆ. ಆಮೇಲೆ ಅವಳ ಮುಖ ನೋಡಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ನಲವತ್ತರ ಗಂಡಸು, ಅಂಗಡಿಯ ಮುಂದೆ, ಕಪಾಟಿನ ಗಾಜು ಒಡೆದ ಮಗುವಿನಂತೆ ನಿಂತ. ಅವಳಿಗೆ ಇನ್ನೂ ಹತ್ತು ಮಾತು ಬಾಯಿಗೆ ಬಂದಿದ್ದವು, ನುಂಗಿಕೊಂಡಳು. ನುಂಗಿದ್ದಕ್ಕೂ ಮೈ ಉರಿಯಿತು.

"ಅಂಗಡಿ ಮುಚ್ಚು. ಬಾ" ಎಂದಳು.

ಶನಿವಾರವೂ ಭಾನುವಾರವೂ ಅವನನ್ನು ಪಾತ್ರೆಯ ಮುಂದೆ ನಿಲ್ಲಿಸಿದಳು. ಮೊಳೆಯಿಲ್ಲದ ಹೊಸ ಕೋಲು, ಹೊಸ ಕಷಾಯ. ಅವನು ಕಲಕಿದ, ಹಿಂಡಿದ, ಹಗ್ಗಕ್ಕೆ ಹರವಿದ. ಅತ್ತೆ ಸ್ಟೂಲಿನ ಮೇಲಿಂದ "ನಿಧಾನ, ಇದು ಮೋಟಾರಲ್ಲ" ಎನ್ನುತ್ತಿದ್ದರು. ಇವಳು ಕಡೆಯ ಲಡಿಯನ್ನು ಎತ್ತಿದಾಗ, ಹೌದು, ಹಳದಿ. ನೇಕಾರ ಹಳದಿಯಾದ ಹದಿನೈದನ್ನು ಸೋಮವಾರ ಒಯ್ದ, ಉಳಿದದ್ದಕ್ಕೆ ಹೊಸ ನೂಲು ಕಳಿಸಿದ. ಅವಳು ಅವನ ಕ್ಷಮೆ ಕೇಳಿದಳು. "ಬಿಡಿ ಅಕ್ಕಾ, ಸೋಮವಾರ ಬಂತಲ್ಲ" ಎಂದು ಅವನು ನಕ್ಕ. ಪಾಚಿ ಬಣ್ಣದ ಲಡಿಗಳನ್ನು ಕಬ್ಬಿಣದ ತುಕ್ಕಿನ ನೀರಿಗೆ ಹಾಕಿ ಕಪ್ಪಿಗೇ ತಿರುಗಿಸಿದಳು. ಕಪ್ಪು ನೂಲು ಕೇಳುವವರು ಯಾವಾಗಲೂ ಇರುತ್ತಾರೆ.

ತಮ್ಮನನ್ನು ಕಳಿಸುವಾಗ ಒಂದೇ ಮಾತು ಹೇಳಿದಳು: "ಇನ್ಮೇಲೆ ನನ್ನನ್ನ ಕೇಳದೆ ಇಲ್ಲಿ ಒಂದು ಕಡ್ಡೀನೂ ಮುಟ್ಟಬೇಡ."

ಅವನು ಆ ಮಾತನ್ನು ಅಕ್ಷರಶಃ ಪಾಲಿಸಿದ. ಮಂಗಳವಾರ ಬೆಳಗಿನಿಂದ ಫೋನು ಶುರುವಾಯಿತು. ಅಕ್ಕಾ, ನಿಮ್ಮ ಗೇಟಿನ ಚಿಲಕ ಬಿಗಿ ಮಾಡಲಾ? ಅಕ್ಕಾ, ಬಕೆಟ್ಟಿನ ಹಿಡಿ ಸಡಿಲ ಇದೆ, ನೋಡಲಾ? ಮಧ್ಯಾಹ್ನದ ಹೊತ್ತಿಗೆ ಏಳು ಸಲ. ಎಂಟನೇ ಸಲ ಅವಳ ಎರಡೂ ಕೈ ನೂಲಿನಲ್ಲಿದ್ದವು. ಅತ್ತೆಯೇ ತಡವರಿಸಿ ಫೋನು ಎತ್ತಿಕೊಂಡರು.

"ಶೆಡ್ಡಿನ ಬಾಗಿಲು ಕಿರುಗುಡುತ್ತಾ? ಹೌದಪ್ಪ, ಕಿವಿ ಕಿತ್ತುಹೋಗ್ತಿದೆ. ಬಾ, ಈಗಲೇ ಬಾ. ನಿಮ್ಮಕ್ಕನ ಹತ್ರ ನಾನು ಹೇಳ್ತೀನಿ" ಎಂದರು.